ಕರಪತ್ರದೊಳಗಿನ ಹೆಸರುಗಳು: ಸಗರನಾಡಿನ ರಂಗಸ್ಮರಣೆ

ಏಣಗಿ ಬಾಳಪ್ಪನವರು 2017ರಲ್ಲಿ, ಸುಭದ್ರಮ್ಮ ಮನ್ಸೂರರು 2020ರಲ್ಲಿ ತೀರಿಕೊಂಡಾಗ ನಾಡು ಅವರನ್ನು ಗೌರವದಿಂದ ನೆನೆಯಿತು. ಅದು ಯೋಗ್ಯವಾದುದೇ. ಆದರೆ ಇಂಥ ಸ್ಮರಣೆಯ ಕ್ರಮವನ್ನು ಯಾದಗಿರಿ, ಶಹಾಪುರ, ಸುರಪುರಗಳ ನೆಲದಲ್ಲಿ ನಿಂತು ನೋಡಿದರೆ ಅದರ ಮಿತಿಯೂ ಗೋಚರಿಸುತ್ತದೆ. ಪ್ರಶಸ್ತಿ, ಪ್ರಸಿದ್ಧ ಪಾತ್ರ, ಕಂಪನಿಯ ಹೆಸರು ಇವುಗಳನ್ನೇ ಆಧರಿಸಿದ ಸ್ಮರಣೆಗೆ ಊರ ಜಾತ್ರೆಗಳಲ್ಲಿಯೇ ಬದುಕು ಸವೆಸಿದ ಕಲಾವಿದರು ನಿಲುಕುವುದಿಲ್ಲ.

ಸಗರನಾಡೆಂದು ಹೆಸರಾದ ಈ ಸೀಮೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಆಡಳಿತದಲ್ಲಿಯೂ ಶಿಕ್ಷಣದಲ್ಲಿಯೂ ಉರ್ದುವಿನದೇ ಪ್ರಾಬಲ್ಯ. ಅಂಥ ಕಾಲದಲ್ಲಿ ಕನ್ನಡಕ್ಕೆ ಬಯಲಿನ ವೇದಿಕೆಯನ್ನು ಒದಗಿಸಿದವು ದೊಡ್ಡಾಟ, ಸಣ್ಣಾಟ, ಭಜನೆಗಳು. ಅಕ್ಷರ ಬಾರದವರಿಗೂ ಮಾತು, ಪದ್ಯಗಳನ್ನು ಬಾಯಿಪಾಠ ಮಾಡಿಸಿದ ಮಾಸ್ತರರು ಕಲೆಯನ್ನು ಮಾತ್ರವಲ್ಲ, ಭಾಷೆಯನ್ನೂ ಕಾಯ್ದರು. ವೃತ್ತಿ ರಂಗಭೂಮಿಗೆ ನಾಟಕ ಬರೆದ ಸುರಪುರದ ಎಲ್.ಬಿ.ಕೆ. ಆಲ್ದಾಳರಂಥವರಿಗೆ ಕೃತಿಗಳ ಆಸರೆಯುಂಟು. ಕಲಿಸಿದವರಿಗೆ, ಹಾರ್ಮೋನಿಯಂ ನುಡಿಸಿದವರಿಗೆ, ತಬಲಾ ಸಾಥಿ ನೀಡಿದವರಿಗೆ ಆ ಆಸರೆಯಿಲ್ಲ.

ಇವರ ಮಟ್ಟಿಗೆ ಉಳಿದಿರುವ ಮುಖ್ಯ ಲಿಖಿತ ಆಧಾರವೆಂದರೆ ನಾಟಕದ ಕರಪತ್ರ. ಕವಿ, ಮಾಸ್ತರ, ವಾದ್ಯದವರು, ಪಾತ್ರಧಾರಿಗಳು, ಖರ್ಚು ವಹಿಸಿದವರು, ಹೀಗೆ ಒಂದು ರಾತ್ರಿಯ ಆಟಕ್ಕೆ ದುಡಿದವರೆಲ್ಲ ಅದರಲ್ಲಿ ಒಟ್ಟಿಗೆ ಕಾಣಿಸಿಕೊಳ್ಳುತ್ತಾರೆ. ಈ ಅರ್ಥದಲ್ಲಿ ಅದು ಶ್ರದ್ಧಾಂಜಲಿ ಲೇಖನಕ್ಕಿಂತ ಹೆಚ್ಚು ಸಮಾನತೆಯ ದಾಖಲೆ. ಆದರೂ ಅದನ್ನು ಕಣ್ಣುಮುಚ್ಚಿ ನಂಬಲಾಗದು. ಊರಿನ ಹವ್ಯಾಸಿ ನಟರು ಮನೆತನದ ಹೆಸರಿನೊಡನೆ ಮುದ್ರಿತರಾದರೆ, ಸಂಭಾವನೆಗೆ ಪರಊರಿನಿಂದ ಬಂದ ನಟಿಯರು ಅನೇಕ ವೇಳೆ ಬರಿಯ ಹೆಸರಿನಲ್ಲಿಯೇ ಮುಗಿದುಹೋಗುತ್ತಾರೆ. ಒಂದೆರಡು ತಾಲೀಮಿನಲ್ಲಿಯೇ ಅಪರಿಚಿತ ತಂಡದೊಡನೆ ಹೊಂದಿಕೊಂಡು, ಇಡೀ ನಾಟಕವನ್ನು ಎತ್ತಿ ನಿಲ್ಲಿಸುತ್ತಿದ್ದ ಅವರ ಪ್ರತಿಭೆಯ ಬಗೆಗೆ ಕರಪತ್ರ ಮೌನವಾಗಿದೆ. ಆ ಮೌನವನ್ನು ತುಂಬಬಲ್ಲವರು ಅಂದಿನ ಸಹನಟರು, ಪ್ರೇಕ್ಷಕರು ಮಾತ್ರ. ಅವರೂ ಈಗ ಇಳಿವಯಸ್ಸಿನವರು.

ಇನ್ನೊಂದು ತೊಡಕು ಆಡಳಿತಾತ್ಮಕವಾದುದು. 2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಮೂರೂ ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಆದ್ದರಿಂದ ಇಲ್ಲಿನ ಕಲಾವಿದರನ್ನು ಹಳೆಯ ದಾಖಲೆಗಳಲ್ಲಿ ಅರಸುವವರು ಆ ಜಿಲ್ಲೆಯ ಹೆಸರಿನಡಿಯಲ್ಲಿಯೇ ಅರಸಬೇಕು. ಹೊಸ ಜಿಲ್ಲೆಯ ರಂಗಚರಿತ್ರೆಯನ್ನು ಹಳೆಯ ಜಿಲ್ಲೆಯ ಕಡತಗಳಿಂದ ಬಿಡಿಸಿ ತೆಗೆಯದಿದ್ದರೆ ಈ ಪ್ರದೇಶಕ್ಕೆ ರಂಗಪರಂಪರೆಯೇ ಇರಲಿಲ್ಲವೆಂಬ ತಪ್ಪು ಗ್ರಹಿಕೆಗೆ ಎಡೆಯಾಗುತ್ತದೆ.

ಹೀಗಾಗಿ ಸ್ಮರಣೆಯೆಂಬುದು ಮರಣದ ನಂತರದ ಪ್ರಶಂಸೆಗೆ ಸೀಮಿತವಾಗಬಾರದು. ಯಾರು ಯಾರಿಗೆ ಕಲಿಸಿದರು, ಯಾವ ಊರಿನಲ್ಲಿ ಯಾವ ನಾಟಕವನ್ನು ಆಡಿಸಿದರು, ಯಾವ ಧಾಟಿಯಲ್ಲಿ ಹಾಡಿಸಿದರು ಎಂಬುದರ ದಾಖಲೆಯೂ ಸ್ಮರಣೆಯೇ. ಕರಪತ್ರಗಳ ಸಂಗ್ರಹ ಮತ್ತು ಹಿರಿಯರ ಹೇಳಿಕೆಗಳ ಧ್ವನಿಮುದ್ರಣ ಒಟ್ಟಿಗೆ ನಡೆದಾಗ ಮಾತ್ರ ಸಗರನಾಡಿನ ರಂಗಭೂಮಿ ಬೆರಳೆಣಿಕೆಯ ಪ್ರಸಿದ್ಧರ ಚರಿತ್ರೆಯಾಗದೆ, ಅದನ್ನು ಕಟ್ಟಿದವರೆಲ್ಲರ ಚರಿತ್ರೆಯಾದೀತು.