ಟೇಪಿನ ತಂಬೂರಿ, ಗಣಕಯಂತ್ರದ ಕತ್ತರಿ

ಶ್ರೀಮಠದ ಭಕ್ತರೊಬ್ಬರು ಈಚೆಗೆ ಒಂದು ಪೆನ್‌ಡ್ರೈವನ್ನು ತಂದು ನಮ್ಮ ಕೈಗಿತ್ತರು. ಕೃಷ್ಣರಾಜನಗರ ತಾಲ್ಲೂಕಿನ ಕಪ್ಪಡಿಯಲ್ಲಿ, ರಾಚಪ್ಪಾಜಿಯವರ ಗದ್ದುಗೆಯ ಜಾತ್ರೆಯಲ್ಲಿ, ಮೂವತ್ತು ವರ್ಷಗಳಿಗೂ ಹಿಂದೆ ಅವರ ತಂದೆಯವರು ನೀಲಗಾರರ ಹಾಡುಗಾರಿಕೆಯನ್ನು ಕ್ಯಾಸೆಟ್ಟುಗಳಿಗೆ ತುಂಬಿಸಿಕೊಂಡಿದ್ದರು. ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಸಾಲು ಅದು. ಮಗನು ಅದನ್ನು ನಗರದ ಅಂಗಡಿಯೊಂದರಲ್ಲಿ ಗಣಕಯಂತ್ರಕ್ಕೆ ಏರಿಸಿ, ಅಂಗಡಿಯವರ ಮಾತಿನಲ್ಲಿ ಹೇಳುವುದಾದರೆ, ‘ಶುದ್ಧಿ’ ಮಾಡಿಸಿದ್ದರು. ಕ್ಯಾಸೆಟ್ಟುಗಳನ್ನೂ ಚೀಲದಲ್ಲಿ ತಂದಿದ್ದರು. “ಇನ್ನು ಇವು ಬೇಡವಲ್ಲ ಬುದ್ಧಿ, ಎಸೆದುಬಿಡಲೇ?” ಎಂದು ಕೇಳಿದರು.

ಎಸೆಯುವ ಮುನ್ನ ಎರಡನ್ನೂ ಕೇಳೋಣವೆಂದೆವು. ಹಳೆಯ ಟೇಪ್ ರೆಕಾರ್ಡರೊಂದು ಶ್ರೀಮಠದಲ್ಲಿ ಇನ್ನೂ ನಡೆಯುತ್ತಿದೆ. ಎರಡು ಸಂಜೆ ಕುಳಿತು ಕೇಳಿದ ಮೇಲೆ ನಮಗೆ ತೋರಿದುದನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಯ ತಮ್ಮಲ್ಲಿ ಹಲವರ ಮನೆಯ ಅಟ್ಟದ ಮೇಲೂ ಇಂಥ ಕ್ಯಾಸೆಟ್ಟುಗಳು ಇದ್ದಾವು.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಕಳೆಯಬೇಕು. ಡಿಜಿಟಲ್ ವಿಧಾನವು ನಾದವನ್ನು ಚೂರುಚೂರು ಮಾಡುತ್ತದೆ, ಆದ್ದರಿಂದ ಅದರಲ್ಲಿ ಜೀವವಿಲ್ಲ, ಟೇಪಿನಲ್ಲಿ ಮಾತ್ರವೇ ನಾದವು ಅಖಂಡವಾಗಿರುತ್ತದೆ ಎಂದು ಸಂಗೀತಪ್ರಿಯರು ಕೆಲವರು ಹೇಳುವುದುಂಟು. ವೇದಾಂತದಂತೆ ಕಿವಿಗೆ ಇಂಪಾದ ಮಾತು, ಆದರೆ ನಿಜವಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ಬರೆದಿಡುತ್ತಾರೆ. ಮನುಷ್ಯನ ಕಿವಿಗೆ ನಿಲುಕುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ. ಅಷ್ಟನ್ನೂ ಆ ಅಂಕಿಗಳಿಂದ ಮತ್ತೆ ಅಖಂಡವಾಗಿಯೇ ಕಟ್ಟಬಹುದು. ಇತ್ತ 1963ರಲ್ಲಿ ಫಿಲಿಪ್ಸ್ ಕಂಪನಿಯವರು ತಂದ ಕ್ಯಾಸೆಟ್ಟಿನ ಟೇಪು ನಾಲ್ಕು ಮಿಲಿಮೀಟರಿಗೂ ಕಡಿಮೆ ಅಗಲದ್ದು, ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಸರಿಯುವಂಥದು. ಹಿನ್ನೆಲೆಯಲ್ಲಿ ಸದಾ ಸುಯ್ಯೆನ್ನುವ ಸದ್ದು. ಮೋಟಾರು ತಡವರಿಸಿದರೆ ಶ್ರುತಿಯೇ ತೂಗಾಡುತ್ತದೆ. ಪ್ರತಿಯಿಂದ ಪ್ರತಿ ತೆಗೆದಷ್ಟೂ ಈ ದೋಷಗಳು ಬೆಳೆಯುತ್ತವೆ. ಅಂಕಿಗಳ ಪ್ರತಿಗೆ ಆ ಕಷ್ಟವಿಲ್ಲ. ಮಿಗಿಲಾಗಿ, 60 ನಿಮಿಷದ ಕ್ಯಾಸೆಟ್ಟನ್ನು ಅರ್ಧ ಗಂಟೆಗೊಮ್ಮೆ ಮಗುಚಿ ಹಾಕಬೇಕು. ನೀಲಗಾರರೋ ರಾತ್ರಿಯಿಡೀ ಹಾಡುವವರು. ಈ ಕ್ಯಾಸೆಟ್ಟುಗಳಲ್ಲಿಯೂ ಮಗುಚುವ ಹೊತ್ತಿನಲ್ಲಿ ನಾಲ್ಕಾರು ನುಡಿಗಳು ಹೋಗಿಯೇ ಹೋಗಿವೆ. ಆದುದರಿಂದ ಗಣಕಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ.

ಪೆನ್‌ಡ್ರೈವಿನಲ್ಲಿದ್ದ ಹಾಡನ್ನು ಕೇಳಿದಾಗ ಮೊದಲು ಸಂತೋಷವೇ ಆಯಿತು. ಸುಯ್ಯೆನ್ನುವ ಸದ್ದಿರಲಿಲ್ಲ, ಮಾತು ಸ್ಪಷ್ಟವಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ, ಏನೋ ಇಲ್ಲವಲ್ಲ ಎನಿಸತೊಡಗಿತು. ತಂಬೂರಿ ಇರಲಿಲ್ಲ. ಕ್ಯಾಸೆಟ್ಟನ್ನು ಹಾಕಿದೊಡನೆ ಅದು ಸುಯ್ಯೆನ್ನುವ ಸದ್ದಿನ ಕೆಳಗಿನಿಂದ ಎದ್ದು ಬಂದಿತು! ಗದ್ದಲವನ್ನು ತೆಗೆಯುವ ಗಣಕ ವಿಧಾನಕ್ಕೆ ಹಾಡಿನ ಅರಿವಿಲ್ಲ. ಬದಲಾಗದೆ ಒಂದೇ ಸಮನೆ ಇರುವ ಸದ್ದೆಲ್ಲವೂ ಅದರ ಲೆಕ್ಕದಲ್ಲಿ ಗದ್ದಲ. ತಂಬೂರಿಯ ಧರ್ಮವೇ ಒಂದೇ ಸಮನೆ ಇರುವುದು! ಹಾಡುಗಾರನು ಯಾವುದನ್ನು ಆಧಾರವೆಂದು ಹಿಡಿದನೋ ಅದನ್ನೇ ಯಂತ್ರವು ಕಸವೆಂದು ಗುಡಿಸಿತ್ತು. ಗಗ್ಗರದ ಮಿನುಗೂ ಅದೇ ಪೊರಕೆಗೆ ಸಿಕ್ಕಿತ್ತು. ಉಳಿದುದನ್ನು ಎಂಪಿ3 ಮಾಡಿದ್ದರು. 128ರ ಮಟ್ಟದ ಎಂಪಿ3ಯಲ್ಲಿ ಉಳಿಯುವುದು ಡಿಸ್ಕಿನ ಅಂಕಿಗಳಲ್ಲಿ ಹನ್ನೊಂದರಲ್ಲಿ ಒಂದು ಪಾಲು ಮಾತ್ರ. ಮೊಬೈಲಿನಲ್ಲಿ ಕೇಳುವುದಕ್ಕೆ ಅಷ್ಟು ಸಾಕು, ಮುಂದಿನ ಪೀಳಿಗೆಗೆ ಕಾಪಿಡುವುದಕ್ಕೆ ಸಾಲದು.

ಇಷ್ಟೇ ಆಗಿದ್ದರೆ ಅಂಗಡಿಯವನ ಅಜ್ಞಾನವೆಂದು ಬಿಡಬಹುದಾಗಿತ್ತು. ಎರಡನೆಯ ಸಂಜೆ ಬೇರೊಂದು ಸಂಗತಿ ಹೊರಬಿದ್ದಿತು.

ಕಲ್ಯಾಣದ ಸಾಲಿನ ಕಥೆ ತಮ್ಮಲ್ಲಿ ಅನೇಕರಿಗೆ ಗೊತ್ತು. ಧರೆಗೆ ದೊಡ್ಡವರೆಂದು ಭಕ್ತರು ಕರೆಯುವ ಮಂಟೇಸ್ವಾಮಿಯವರು ಕುಷ್ಠರೋಗಿಯ ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾರೆ. ಲಕ್ಷದ ತೊಂಬತ್ತಾರು ಸಾವಿರ ಜಂಗಮರು ಉಣ್ಣುವ ಆ ಪಟ್ಟಣದಲ್ಲಿ ಅವರಿಗೆ ಒಳಗೆ ಎಡೆಯಿಲ್ಲ. ಆ ಜಂಗಮರ ನಡತೆಯನ್ನು ನೀಲಗಾರರು ಎಳೆಎಳೆಯಾಗಿ ಬಿಡಿಸಿ ಹಾಡುತ್ತಾರೆ, ಅದು ಮೆಚ್ಚುಗೆಯ ಹಾಡಲ್ಲ. ಕ್ಯಾಸೆಟ್ಟಿನಲ್ಲಿ ಈ ಭಾಗ ಇಪ್ಪತ್ತು ನಿಮಿಷಗಳಿಗೂ ಮೇಲ್ಪಟ್ಟಿದೆ. ಸುತ್ತ ಕುಳಿತವರ ನಗೆಯೂ ಕೇಳಿಸುತ್ತದೆ. ಪೆನ್‌ಡ್ರೈವಿನಲ್ಲಿ ಅದು ಇರಲೇ ಇಲ್ಲ. ಬಾಗಿಲಿಗೆ ಬಂದವರು ಮರುಕ್ಷಣವೇ ಬಸವಣ್ಣನವರ ಮುಂದಿದ್ದರು. ಭಕ್ತರು ಸಂಕೋಚದಿಂದ ಹೇಳಿದರು: “ಮಠಕ್ಕೆ ಒಪ್ಪಿಸುವ ಪ್ರತಿಯಲ್ಲಿ ಅದು ಬೇಡವೆಂದು ನಾನೇ ತೆಗೆಸಿದೆ ಬುದ್ಧಿ, ತಾವು ನೊಂದುಕೊಳ್ಳಬಹುದೆಂದು.”

ಅವರ ಭಕ್ತಿಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಆ ಹಾಡನ್ನು ಹಾಡುವವರು ಬಹುಪಾಲು ದಲಿತ ಮತ್ತು ಹಿಂದುಳಿದ ಸಮುದಾಯಗಳಿಂದ ದೀಕ್ಷೆ ಪಡೆದು ಬಂದವರು. ಬಾಗಿಲಲ್ಲಿ ನಿಲ್ಲಿಸಲ್ಪಟ್ಟವರ ಕಡೆಯಿಂದ ಕಲ್ಯಾಣವನ್ನು ಕಂಡ ಕಾವ್ಯವದು. ಅದನ್ನು ಕೇಳಬೇಕಾದವರು ಯಾರು? ಕಾವಿ ತೊಟ್ಟ ನಾವೇ ಅಲ್ಲವೆ? ಬಾಗಿಲಲ್ಲಿ ತಡೆದ ಕಥೆಯನ್ನೇ ಮಠದ ಬಾಗಿಲಲ್ಲಿ ತಡೆದಂತಾಯಿತು!

ಇಲ್ಲಿಯೇ ಎರಡು ವಿಧಾನಗಳ ನಿಜವಾದ ಅಂತರವಿದೆ. ಟೇಪಿನಲ್ಲಿ ಒಂದು ಭಾಗವನ್ನು ತೆಗೆಯಬೇಕಾದರೆ ಬ್ಲೇಡಿನಿಂದ ಕೊಯ್ದು ಅಂಟಿನ ಪಟ್ಟಿ ಹಚ್ಚಬೇಕಾಗಿತ್ತು. ಮುಚ್ಚಳ ಬಿಚ್ಚಿ ನೋಡಿದವನಿಗೆ ಗಾಯ ಕಾಣುತ್ತಿತ್ತು. ಓಲೆಗರಿಗಳಿಂದ ವಚನಗಳನ್ನು ಸಂಪಾದಿಸಿದ ಫ. ಗು. ಹಳಕಟ್ಟಿಯವರಂಥ ಹಿರಿಯರಿಗೆ, ಹುಳು ತಿಂದಲ್ಲಿ ತೂತಾದರೂ ಕಾಣುತ್ತಿತ್ತು. ಗಣಕಯಂತ್ರದ ಕತ್ತರಿ ಗಾಯದ ಗುರುತನ್ನು ಉಳಿಸುವುದಿಲ್ಲ. ಆ ಕ್ಯಾಸೆಟ್ಟುಗಳು ಚೀಲದಲ್ಲಿ ಇರದಿದ್ದರೆ, ಕಪ್ಪಡಿಯಲ್ಲಿ ಆ ರಾತ್ರಿ ಹಾಡಿದ್ದೇ ಅಷ್ಟು ಎಂದು ನಾವೂ ನಂಬುತ್ತಿದ್ದೆವು.

ಕಾವ್ಯವು ಅಚ್ಚಾಗಿದೆಯಲ್ಲ ಎನ್ನುವವರುಂಟು. ಹಿ. ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಗ್ರಂಥವನ್ನು 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿತು. ಅದು ಉಪಕಾರದ ಕೆಲಸ. ಆದರೆ ಒಂದೊಂದು ಮೇಳವೂ ತನ್ನ ಸಾಲನ್ನು ತನ್ನಂತೆಯೇ ಕಟ್ಟಿ ಹಾಡುತ್ತದೆ. ನಮ್ಮ ನದೀತೀರದಲ್ಲಿ ಆ ರಾತ್ರಿ ಹಾಡಿದುದು ಆ ಪುಸ್ತಕದಲ್ಲಿಲ್ಲ.

ತಮ್ಮಲ್ಲಿ ಕ್ಯಾಸೆಟ್ಟುಗಳಿದ್ದರೆ ಗಣಕಯಂತ್ರಕ್ಕೆ ಅವಶ್ಯವಾಗಿ ಏರಿಸಿರಿ; ಟೇಪಿನ ಅಂಟು ತೇವವನ್ನು ಹೀರಿ ಕೆಡುತ್ತದೆ, ಕೋಟೆಯ ಕಡೆಯ ಮಳೆಗಾಲವಂತೂ ಅದಕ್ಕೆ ಶತ್ರು. ಏರಿಸುವವರಿಗೆ ಮಾತ್ರ ಎರಡು ಮಾತು ಹೇಳಿರಿ: ಎಂಪಿ3 ಮಾಡದೆ ವೇವ್ ರೂಪದಲ್ಲಿ, 24 ಬಿಟ್ಟಿನಲ್ಲಿ ಇಡುವುದು; ಏನನ್ನೂ ಶುದ್ಧಿ ಮಾಡದಿರುವುದು. ಶುದ್ಧಿ ಬೇಕೆನಿಸಿದರೆ ಅದಕ್ಕೆ ಇನ್ನೊಂದು ಪ್ರತಿಯಿರಲಿ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಮನೆಯ ಹಿರಿಯರಿರುವಾಗಲೇ ಕೇಳಿ ಬರೆದಿಡಿರಿ.

ಭಕ್ತರು ಕ್ಯಾಸೆಟ್ಟುಗಳನ್ನು ಶ್ರೀಮಠದಲ್ಲಿಯೇ ಬಿಟ್ಟು ಹೋಗಿದ್ದಾರೆ. ಒಟ್ಟು ಏಳು. ಐದನ್ನು ಮತ್ತೆ ಏರಿಸಿಯಾಗಿದೆ. ಆರನೆಯದು ಸುರುಳಿಗೆ ಅಂಟಿಕೊಂಡಿದೆ, ತಿಳಿದವರಿಗೆ ತೋರಿಸಬೇಕು. ಏಳನೆಯದರ ಮೇಲೆ ‘ಬೆಳಗಿನ ಜಾವ’ ಎಂದಷ್ಟೇ ಬರೆದಿದೆ.