ಹೆಸರಿನ ಜಾಡು ಊರಿಗೆ ಒಯ್ಯುತ್ತದೆ, ವಂಶಕ್ಕಲ್ಲ

ಇಂಗ್ಲೆಂಡಿನಲ್ಲಿ ತಮ್ಮ ಮನೆತನದ ಹೆಸರಿನ ಮೂಲ ಹುಡುಕುವವರಿಗೆ ಲೆಕ್ಕವಿಲ್ಲ. ಚರ್ಚಿನ ರಿಜಿಸ್ಟರು, ಜನಗಣತಿ, ಉಯಿಲು, ತೆರಿಗೆ ಪಟ್ಟಿ ಎಲ್ಲವನ್ನೂ ಜಾಲಾಡಿ, ಒಂದು ಕೌಂಟಿಯಿಂದ ಇನ್ನೊಂದು ಕೌಂಟಿಗೆ ಹೆಸರಿನ ಬೆನ್ನು ಹತ್ತಿ ಹೋಗುತ್ತಾರೆ. ಒಂದೇ ಕುಲನಾಮ ಹಿಡಿದು ಅದನ್ನು ಹೊತ್ತವರೆಲ್ಲರ ದಾಖಲೆ ಕೂಡಿಹಾಕುವವರಿಗೆಂದೇ 1979ರಲ್ಲಿ ಗಿಲ್ಡ್ ಆಫ್ ಒನ್-ನೇಮ್ ಸ್ಟಡೀಸ್ ಎಂಬ ಸಂಘ ಹುಟ್ಟಿತು. ಇಷ್ಟೆಲ್ಲ ಶ್ರಮಪಟ್ಟ ಮೇಲೆ ಕೈಗೆ ಸಿಗುವುದು ಇತಿಹಾಸವೋ, ಬರೀ ಮನೆತನದ ಅಭಿಮಾನವೋ? ಕುಲನಾಮ ಊರಿನ ವಿಷಯದಲ್ಲಿ ಒಳ್ಳೆಯ ಸಾಕ್ಷಿ, ರಕ್ತಸಂಬಂಧದ ವಿಷಯದಲ್ಲಿ ಅರೆಬರೆ ಸಾಕ್ಷಿ ಎಂಬುದು ನನ್ನ ಅಭಿಪ್ರಾಯ. ಈ ಕೆಲಸದಲ್ಲಿ ಗೆದ್ದವರು ಊರನ್ನು ನೆಚ್ಚಿಕೊಂಡವರು. ಎಡವಿದವರು ಹೆಸರೊಂದನ್ನೇ ನೆಚ್ಚಿಕೊಂಡವರು.

ಊರನ್ನು ನೆಚ್ಚುವುದಕ್ಕೆ ಕಾರಣವಿದೆ. ಇಂಗ್ಲೆಂಡಿನಲ್ಲಿ ಕುಲನಾಮಗಳು ಹೆಚ್ಚುಕಡಿಮೆ 1400ರ ಹೊತ್ತಿಗೆ ತಂದೆಯಿಂದ ಮಗನಿಗೆ ಇಳಿಯುವ ರೂಢಿಗೆ ಬಂದವು. ದಕ್ಷಿಣದಲ್ಲಿ ಬೇಗ, ಉತ್ತರದಲ್ಲಿ ತಡವಾಗಿ. ನೇಯ್ದ ಉಣ್ಣೆಬಟ್ಟೆಯನ್ನು ನೀರಿನಲ್ಲಿ ತುಳಿದು ಗಟ್ಟಿ ಮಾಡುವ ಕಸುಬಿನವರಿಗೆ ಡೆವನ್, ಸಾಮರ್ಸೆಟ್ ಕಡೆ ಟಕ್ಕರ್ ಎಂದೂ, ಆಗ್ನೇಯದಲ್ಲಿ ಫುಲ್ಲರ್ ಎಂದೂ, ಉತ್ತರದಲ್ಲಿ ವಾಕರ್ ಎಂದೂ ಹೆಸರು ನಿಂತಿತು. ಶತಮಾನಗಳು ಕಳೆದರೂ ಆ ಹಂಚಿಕೆ ಪೂರ್ತಿ ಅಳಿಸಿಹೋಗಿಲ್ಲ.

ಇದನ್ನು ಲೆಕ್ಕ ಹಾಕಿ ತೋರಿಸಿದ ಮೊದಲಿಗರಲ್ಲಿ ಹೆನ್ರಿ ಬ್ರೌಮ್ ಗಪ್ಪಿ ಒಬ್ಬ. ವೃತ್ತಿಯಿಂದ ವೈದ್ಯ, ಮುಂದೆ ಸಸ್ಯಬೀಜಗಳು ದ್ವೀಪದಿಂದ ದ್ವೀಪಕ್ಕೆ ಹರಡುವ ಬಗೆಯನ್ನು ಅಭ್ಯಾಸ ಮಾಡಿದವನು. 1890ರ ತನ್ನ ಪುಸ್ತಕದಲ್ಲಿ ಅವನು ಪ್ರತಿ ಕೌಂಟಿಯ ರೈತರ ಹೆಸರುಗಳನ್ನು ಡೈರೆಕ್ಟರಿಗಳಿಂದ ಎಣಿಸಿದ. ನೆಲಕ್ಕೆ ಅಂಟಿಕೊಂಡವರು ರೈತರು, ಆದ್ದರಿಂದ ಹೆಸರಿನ ತವರು ಅವರಲ್ಲೇ ಸಿಗುತ್ತದೆ ಎಂಬುದು ಅವನ ತರ್ಕ. ತರ್ಕ ಸರಳ, ಫಲ ದೊಡ್ಡದು. ಆದರೆ ಕೂಲಿಗಳು, ಕಸುಬುದಾರರು, ಪೇಟೆಯವರು ಅವನ ಲೆಕ್ಕಕ್ಕೆ ಬರಲೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ಚಿತ್ರವನ್ನು ಮಧ್ಯಯುಗಕ್ಕೂ ಅನ್ವಯಿಸಿದ್ದು ಇನ್ನೊಂದು ದೋಷ.

ಪಿ. ಎಚ್. ರೀನಿ 1958ರಲ್ಲಿ ತಂದ ಕುಲನಾಮ ನಿಘಂಟು ಇದಕ್ಕೆ ತದ್ವಿರುದ್ಧ. ಅವರು ಮಧ್ಯಯುಗದ ದಾಖಲೆಗಳಲ್ಲಿ ಹೆಸರಿನ ಹಳೆಯ ರೂಪ ಹುಡುಕಿ ಅರ್ಥ ಹೇಳಿದರು. ವಿದ್ವತ್ತು ಅಪಾರ. ಆದರೆ 1200ರ ಸುಮಾರಿಗೆ ಎಸೆಕ್ಸ್‌ನಲ್ಲಿ ಸಿಕ್ಕ ಹೆಸರಿಗೂ ಇವತ್ತು ಲ್ಯಾಂಕಶೈರ್‌ನಲ್ಲಿರುವ ಅದೇ ಹೆಸರಿಗೂ ನಡುವೆ ಕೊಂಡಿ ಇದೆಯೇ ಎಂದು ಈ ಕ್ರಮ ಕೇಳುವುದಿಲ್ಲ. ಆ ಪ್ರಶ್ನೆ ಎತ್ತಿಕೊಂಡದ್ದು 1965ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಕುಲನಾಮ ಸಮೀಕ್ಷೆ. ಅದರ ಮೊದಲ ಸಂಪುಟ, ಯಾರ್ಕ್‌ಶೈರ್‌ನ ವೆಸ್ಟ್ ರೈಡಿಂಗ್ ಕುರಿತು ಜಾರ್ಜ್ ರೆಡ್ಮಂಡ್ಸ್ ಬರೆದದ್ದು, 1973ರಲ್ಲಿ ಬಂತು. ವಂಶಾವಳಿಯ ಆಧಾರವಿಲ್ಲದೆ ಹೆಸರಿಗೆ ಅರ್ಥ ಹೇಳಹೋಗಬಾರದು ಎಂಬ ರೆಡ್ಮಂಡ್ಸ್ ಅವರ ಪಟ್ಟು ಈ ಕ್ಷೇತ್ರಕ್ಕೆ ಸಿಕ್ಕ ಬಹುದೊಡ್ಡ ಶಿಸ್ತು. 45,000ಕ್ಕೂ ಹೆಚ್ಚು ಹೆಸರುಗಳಿರುವ 2016ರ ಆಕ್ಸ್‌ಫರ್ಡ್ ಕುಲನಾಮ ನಿಘಂಟು ಈ ದಾರಿಯಲ್ಲೇ ಬೆಳೆದದ್ದು.

ಹೆಸರು ಮತ್ತು ರಕ್ತದ ನಂಟು ಒರೆಗೆ ಹತ್ತಿದ್ದು ಸೈಕ್ಸ್ ಎಂಬ ಹೆಸರಿನಲ್ಲಿ. ಇದು ಹಡರ್ಸ್‌ಫೀಲ್ಡ್ ಸುತ್ತಮುತ್ತ ದಟ್ಟವಾಗಿರುವ ಹೆಸರು. ಸಣ್ಣ ತೊರೆಯ ಬಳಿ ಇದ್ದವರಿಗೆ ಬಂದದ್ದು. ಯಾರ್ಕ್‌ಶೈರ್‌ನಲ್ಲಿ ತೊರೆಗಳಿಗೆ ಬರವೇ? ಹಾಗಾಗಿ ಈ ಹೆಸರು ಹತ್ತಾರು ಕಡೆ ಬೇರೆಬೇರೆಯಾಗಿ ಹುಟ್ಟಿರಬೇಕೆಂದು ತಿಳಿಯಲಾಗಿತ್ತು. ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ಯಾರ್ಕ್‌ಶೈರ್, ಲ್ಯಾಂಕಶೈರ್, ಚೆಷೈರ್‌ಗಳ 48 ಸೈಕ್ಸ್ ಗಂಡಸರ ವೈ ಕ್ರೋಮೋಸೋಮ್ ಪರೀಕ್ಷಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ 21 ಜನರದು ಒಂದೇ ಮಾದರಿ. ಎಲ್ಲರಿಗೂ ಮೂಲಪುರುಷ ಒಬ್ಬನೇ ಎಂದು ಅವರು ತೀರ್ಮಾನಿಸಿದರು. ಪತ್ರಿಕೆಗಳು ಇದನ್ನು ಸಂಭ್ರಮಿಸಿದವು. ಆದರೆ ಉಳಿದ 27 ಜನರ ಹೆಸರೂ ಸೈಕ್ಸೇ! ಮದುವೆಯಾಚೆಗಿನ ಮಕ್ಕಳು, ದತ್ತು, ಹೆಸರು ಬದಲಾವಣೆ ಅಥವಾ ಇನ್ನೊಬ್ಬ ಮೂಲಪುರುಷ, ಇದರಲ್ಲಿ ಯಾವುದಾದರೂ ಇದ್ದೀತು. ಪರೀಕ್ಷೆಗೆ ಬಳಸಿದ ಗುರುತುಗಳು ನಾಲ್ಕೇ ಎಂಬುದನ್ನೂ ಮರೆಯಬಾರದು. 2009ರಲ್ಲಿ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಕುಲನಾಮಗಳ 1,678 ಗಂಡಸರನ್ನು ಪರೀಕ್ಷಿಸಿದಾಗ ಚಿತ್ರ ತಿಳಿಯಾಯಿತು: ಅಪರೂಪದ ಹೆಸರಿನವರಲ್ಲಿ ನಂಟು ಗಟ್ಟಿ, ಸ್ಮಿತ್‌ನಂಥ ಹೆಸರಿನವರಲ್ಲಿ ನಂಟೇ ಇಲ್ಲವೆನ್ನಬಹುದು.

ಇನ್ನು ದಾಖಲೆಗಳ ಮಾತು. 1538ರಲ್ಲಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷ್ ದೀಕ್ಷಾಸ್ನಾನ, ಮದುವೆ, ಮಣ್ಣುಗಳನ್ನು ಬರೆದಿಡಬೇಕೆಂದು ಆಜ್ಞೆ ಮಾಡಿದ. ಆದರೂ ಎಷ್ಟೋ ಕಡೆ ಉಳಿದಿರುವುದು 1558ರಿಂದ ಈಚಿನದು. ಅಂತರ್ಯುದ್ಧದ ಕಾಲದಲ್ಲಿ ಪುಟಗಳೇ ಖಾಲಿ. ಹಳೆಯ ದೀಕ್ಷಾಸ್ನಾನದ ನಮೂದಿನಲ್ಲಿ ಅನೇಕ ವೇಳೆ ಇರುವುದು ಮಗುವಿನ ಹೆಸರು, ಅಪ್ಪನ ಹೆಸರು, ತಾರೀಖು, ಅಷ್ಟೆ. ಒಂದೇ ಪ್ಯಾರಿಷ್‌ನಲ್ಲಿ ಇಬ್ಬರು ಜಾನ್ ಸೈಕ್ಸ್ ಇದ್ದರೆ ಯಾವ ಮಗು ಯಾರದೆಂದು ರಿಜಿಸ್ಟರು ಹೇಳುವುದಿಲ್ಲ. 1841ರ ಜನಗಣತಿಯೂ ಹೀಗೆಯೇ. ಹದಿನೈದು ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆದರು, ಮೂವತ್ತನಾಲ್ಕರವನು ಮೂವತ್ತರವನಾದ. ಹುಟ್ಟಿದ್ದು ಇದೇ ಕೌಂಟಿಯಲ್ಲೋ ಅಲ್ಲವೋ ಎಂಬುದಕ್ಕೆ ಒಂದಕ್ಷರದ ಉತ್ತರ. ಹುಟ್ಟೂರು ತಿಳಿಯಬೇಕಾದರೆ 1851ರ ಗಣತಿಗೇ ಬರಬೇಕು; ನಡುವೆ ಸತ್ತವರ ಹುಟ್ಟೂರು ಗಣತಿಯಲ್ಲಿ ಸಿಗುವುದಿಲ್ಲ.

ಕೌಂಟಿಯ ಗಡಿ ನೆಚ್ಚಿ ಹುಡುಕುವವರು ಸ್ಯಾಡಲ್‌ವರ್ತ್ ಅನ್ನು ನೋಡಬೇಕು. ಬೆಟ್ಟಸಾಲಿನ ಪಶ್ಚಿಮಕ್ಕಿರುವ ಈ ಸೀಮೆ ಹಿಂದೆ ಆಡಳಿತಕ್ಕೆ ಯಾರ್ಕ್‌ಶೈರ್‌ನದು. ಚರ್ಚಿನ ಲೆಕ್ಕದಲ್ಲಿ ಮಾತ್ರ ಲ್ಯಾಂಕಶೈರ್‌ನ ರಾಚ್‌ಡೇಲ್ ಪ್ಯಾರಿಷ್‌ಗೆ ಸೇರಿತ್ತು, ಅದರ ಮೇಲೆ ಚೆಸ್ಟರ್‌ನ ಬಿಷಪ್. 1974ರಿಂದ ಅದು ಗ್ರೇಟರ್ ಮ್ಯಾಂಚೆಸ್ಟರ್‌ನಲ್ಲಿದೆ. ತೆರಿಗೆಯ ಕಾಗದ ಒಂದು ದಿಕ್ಕಿಗೆ, ಚರ್ಚಿನ ಕಾಗದ ಇನ್ನೊಂದು ದಿಕ್ಕಿಗೆ ಹೋದವು. ಯಾರ್ಕ್‌ಶೈರ್‌ನ ಪಟ್ಟಿಯಲ್ಲಿ ಕಾಣದ ಮನೆತನ ನಾಶವಾಯಿತೆಂದು ಬರೆದುಬಿಡುವುದು ಎಷ್ಟು ಸುಲಭ!

ನನ್ನ ದೃಷ್ಟಿಯಲ್ಲಿ ಕೌಂಟಿ ದಾಟಿದವರ ಜಾಡಿಗೆ ಅತ್ಯುತ್ತಮ ದಾಖಲೆ ಬಡವರ ವಿಚಾರಣಾ ಪತ್ರ. 1662ರ ಕಾಯ್ದೆಯ ಪ್ರಕಾರ ದಿಕ್ಕಿಲ್ಲದವರನ್ನು ಸಾಕುವ ಹೊಣೆ ಅವರ ಸ್ವಂತ ಪ್ಯಾರಿಷ್‌ನದು. ಖರ್ಚು ತಪ್ಪಿಸಿಕೊಳ್ಳಲು ಊರಿನವರು ಹೊರಗಿನವನನ್ನು ಇಬ್ಬರು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಿದ್ದರು. ಎಲ್ಲಿ ಹುಟ್ಟಿದೆ, ಯಾರ ಹತ್ತಿರ ಕಸುಬು ಕಲಿತೆ, ಎಲ್ಲಿ ಪೂರ್ತಿ ಒಂದು ವರ್ಷ ಜೀತಕ್ಕಿದ್ದೆ, ಯಾರನ್ನು ಮದುವೆಯಾದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಓಡಿಸಲೆಂದು ಬರೆದ ಆ ಕಾಗದದಲ್ಲಿ ಬಡವನ ಬದುಕು ಉಳಿದುಕೊಂಡಿತು. ಪುರಾವೆ ಎಂದರೆ ಇದು.

ಸಮುದ್ರ ದಾಟಿದವರ ಕೊಂಡಿ ನಮ್ಮ ಕಡೆಯೂ ಇದೆ. ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚುಗಳ ದಾಖಲೆಯ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಂಗಳೂರು ದಂಡಿನಲ್ಲಿ ಹುಟ್ಟಿದ, ಸತ್ತ ಸಿಪಾಯಿಗಳ ಕುಟುಂಬಗಳು ಅಲ್ಲಿ ಸಿಗುತ್ತವೆ.

ಈಗ ದಾಖಲೆಗಳ ಸೂಚಿ ಬೆರಳ ತುದಿಯಲ್ಲಿದೆ. ಸ್ವಯಂಸೇವಕರು ಲಕ್ಷಗಟ್ಟಲೆ ನಮೂದು ನಕಲು ಮಾಡಿದ್ದಾರೆ; ಆ ಉಪಕಾರ ದೊಡ್ಡದು. ಆದರೆ ಯಾವ ಸೂಚಿಯೂ ಎಲ್ಲ ಪ್ಯಾರಿಷ್‌ಗಳನ್ನು ಒಳಗೊಂಡಿಲ್ಲ. ಹುಡುಕಿದಾಗ ಬಂದ ಒಂದೇ ಹೆಸರನ್ನು ಹಿಡಿದು ಇವನೇ ನಮ್ಮ ಮುತ್ತಜ್ಜ ಎನ್ನುವುದು, ಅದನ್ನು ಇನ್ನೊಬ್ಬರು ನಕಲು ಮಾಡುವುದು, ನಕಲುಗಳ ಸಂಖ್ಯೆಯೇ ಪುರಾವೆಯಾಗುವುದು ಇವತ್ತಿನ ರೋಗ. ಕುಲನಾಮಕ್ಕೊಂದು ಲಾಂಛನ ಮಾರುವ ಅಂಗಡಿಗಳದ್ದೂ ಇದೇ ಜಾತಿಯ ವ್ಯಾಪಾರ. ಲಾಂಛನ ಕೊಡುತ್ತಿದ್ದುದು ವ್ಯಕ್ತಿಗೆ ಮತ್ತು ಅವನ ಸಂತತಿಗೆ, ಹೆಸರಿಗಲ್ಲ.

ಹತ್ತು ತಲೆಮಾರು ಹಿಂದೆ ಹೋದರೆ ಒಬ್ಬರಿಗೆ 1,024 ಪೂರ್ವಜರ ಸ್ಥಾನಗಳಿರುತ್ತವೆ. ಕುಲನಾಮ ತೋರಿಸುವುದು ಅದರಲ್ಲಿ ಒಂದೇ ಒಂದು ದಾರಿಯನ್ನು, ಅದೂ ಗಂಡಸರದು. ಹೆಂಗಸರ ಊರು, ಹೆಸರು, ನಡೆದಾಟ ಈ ಶೋಧದಲ್ಲಿ ಮೂಲೆಗೆ ಬೀಳುತ್ತವೆ. ಹೀಗಾಗಿ ಇದನ್ನು ವಂಶದ ಇತಿಹಾಸ ಎಂದು ಕರೆಯಲು ನಾನು ಒಪ್ಪುವುದಿಲ್ಲ. ಒಂದು ಸೀಮೆಯ ಜನ ಹೇಗೆ ಬೇರೂರಿದರು, ಯಾಕೆ ಊರು ಬಿಟ್ಟರು ಎಂದು ತಿಳಿಯಲು ಮಾತ್ರ ಇದಕ್ಕಿಂತ ಒಳ್ಳೆಯ ದಾರಿ ಕಡಿಮೆ. ಈ ಕೆಲಸಕ್ಕೆ ಕೈಹಾಕುವವರು ಮೊದಲು ಒಂದು ಪ್ಯಾರಿಷ್‌ನ ಎಲ್ಲ ಮನೆತನಗಳನ್ನೂ ಓದಲಿ, ಆಮೇಲೆ ತಮ್ಮದನ್ನು ಹುಡುಕಲಿ.