ಆಟದ ಶಿಫಾರಸು

'ಶಿಫಾರಸು' ಎಂಬ ಮಾತಿಗೆ ನಮ್ಮಲ್ಲಿ ಅಷ್ಟೇನೂ ಒಳ್ಳೆಯ ಹೆಸರಿಲ್ಲ. ಕಚೇರಿಯ ಬಾಗಿಲಲ್ಲಿ ನಿಂತು ದೊಡ್ಡವರ ಕಾಗದವೊಂದನ್ನು ಮುಂದೊಡ್ಡುವವನ ಚಿತ್ರವೇ ಆ ಮಾತಿನೊಡನೆ ಮನಸ್ಸಿಗೆ ಬರುವುದು. ಯೋಗ್ಯತೆ ಸಾಲದ ಕಡೆಯಲ್ಲಿ ಶಿಫಾರಸು ಬೇಕಾಗುವುದೆಂದು ಜನರು ತಿಳಿದಿದ್ದಾರೆ. ಆದರೆ ಇದೇ ಮಾತಿಗೆ ಇನ್ನೊಂದು ಅರ್ಥವೂ ಉಂಟು. ತಾನು ಓದಿ ಮೆಚ್ಚಿದ ಪುಸ್ತಕವನ್ನು ಗೆಳೆಯನ ಕೈಗಿತ್ತು 'ಇದನ್ನು ನೋಡು' ಎನ್ನುವುದೂ ಶಿಫಾರಸೇ. ಹೀಗೆ ಹೇಳುವವನಿಗೆ ಲಾಭವಿಲ್ಲ, ಕೇಳುವವನಿಗೆ ಬಲವಂತವಿಲ್ಲ. ವಿಮರ್ಶೆಯೆಂಬ ದೊಡ್ಡ ಮರವು ಮೊಳೆತದ್ದು ಈ ಸಣ್ಣ ಬೀಜದಿಂದಲೇ ಎಂದು ನನ್ನ ನಂಬಿಕೆ.

ಈ ಎರಡನೆಯ ಬಗೆಯ ಶಿಫಾರಸನ್ನು ವಿಡಿಯೋ ಆಟಗಳ ವಿಷಯದಲ್ಲಿ ಪರೀಕ್ಷಿಸಿ ನೋಡಬೇಕೆಂದು ಈ ಲೇಖನದ ಉದ್ದೇಶ. ಸಾಹಿತ್ಯದ ಪತ್ರಿಕೆಯಲ್ಲಿ ಹುಡುಗರ ಆಟದ ಮಾತೇಕೆ ಎಂದು ವಾಚಕರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ನಾವು ತಾರುಣ್ಯದಲ್ಲಿ ಕಾದಂಬರಿಗಳ ಹೆಸರನ್ನು ಒಬ್ಬರಿಗೊಬ್ಬರು ಹೇಳಿಕೊಂಡ ಹಾಗೆ ಇಂದಿನ ತರುಣರು ಆಟಗಳ ಹೆಸರನ್ನು ಹೇಳಿಕೊಳ್ಳುತ್ತಾರೆ. ಹೆಸರಿನೊಡನೆ ಕೈಯಿಂದ ಕೈಗೆ ಸಾಗುವುದು ರುಚಿ. ರುಚಿಯ ವಿಚಾರವು ಎಲ್ಲಿ ನಡೆದರೂ ಅಲ್ಲಿ ವಿಮರ್ಶಕನಿಗೆ ಕೆಲಸವುಂಟು.

ಮೊದಲು ಗಮನಿಸತಕ್ಕದ್ದು, ಆಟವನ್ನು ಶಿಫಾರಸು ಮಾಡುವವನು ಹೊರುವ ಹೊಣೆ. ಪದ್ಯವೊಂದನ್ನು ಓದು ಎಂದರೆ ಕೇಳಿದವನಿಗೆ ಹೋಗುವುದು ಐದು ನಿಮಿಷ. ಚಲಚ್ಚಿತ್ರಕ್ಕಾದರೆ ಎರಡು ಮೂರು ಗಂಟೆ. ದೊಡ್ಡ ಆಟಗಳಲ್ಲಿ ಐವತ್ತು, ನೂರು ಗಂಟೆಗಳನ್ನು ಬೇಡುವಂಥವು ಉಂಟು. ಅದರ ಮೇಲೆ ಆಡುವವನು ಸುಮ್ಮನೆ ಕುಳಿತು ನೋಡುವ ಹಾಗಿಲ್ಲ. ಕೈಯಿಟ್ಟು, ಸೋತು, ಮತ್ತೆ ಎದ್ದು ಆಡಬೇಕು. ನಮ್ಮ ಮನೆಗಳಲ್ಲಿ ಅಳಗುಳಿಮಣೆಯನ್ನೋ ಚೌಕಾಬಾರವನ್ನೋ ಆಡೋಣವೆಂದು ಅಜ್ಜಿ ಕರೆದರೆ ಆಕೆಯೇ ಎದುರಿಗೆ ಕುಳಿತುಕೊಳ್ಳುತ್ತಿದ್ದಳು. ಆಟವನ್ನು ಹೊಗಳುವುದು, ಕಲಿಸುವುದು, ಆಡುವುದು ಮೂರೂ ಒಂದೇ ಚಾಪೆಯ ಮೇಲೆ ನಡೆಯುತ್ತಿದ್ದವು. ಈಗಿನ ಆಟಗಳಲ್ಲಿ ಅನೇಕವನ್ನು ಒಬ್ಬನೇ ಕುಳಿತು ಆಡಬೇಕು. ಹೇಳಿದವನು ಎದುರಿಗಿಲ್ಲ, ಅವನ ಮಾತೊಂದೇ ಎದುರಿಗಿರುವುದು. ಆದುದರಿಂದ ಆ ಮಾತು ಹಿಂದಿಗಿಂತ ಹೆಚ್ಚು ಜಾಣತನದಿಂದ ಕೂಡಿರಬೇಕು.

ಈ ಹೊಣೆಯನ್ನು ಅಂಕಗಳು ಹೊರುವುವೆಂದು ಕೆಲವರು ನಂಬಿದ್ದಾರೆ. 2001ರಲ್ಲಿ ಆರಂಭವಾದ ಮೆಟಾಕ್ರಿಟಿಕ್ ಎಂಬ ಸಂಸ್ಥೆಯು ಅನೇಕ ವಿಮರ್ಶಕರ ಅಭಿಪ್ರಾಯಗಳನ್ನು ಕೂಡಿಸಿ ಆಟಕ್ಕೆ ನೂರರಲ್ಲಿ ಇಷ್ಟೆಂದು ಅಂಕ ಕೊಡುವುದು. ಸ್ಟೀಮ್ ಎಂಬ ದೊಡ್ಡ ಆಟದಂಗಡಿಯು 2013ರಿಂದ ಕೊಂಡವರ ಅಭಿಪ್ರಾಯವನ್ನೇ ಕೇಳುತ್ತ ಬಂದಿದೆ. ಅಲ್ಲಿ ಹೆಬ್ಬೆರಳು ಮೇಲೆ ಅಥವಾ ಕೆಳಗೆ, ನಡುವಿನ ದಾರಿಯಿಲ್ಲ. ಇವುಗಳಿಂದ ಪ್ರಯೋಜನವಿಲ್ಲವೆಂದು ನಾನು ಹೇಳೆನು. ಕೆಟ್ಟು ನಿಂತ ಸರಕನ್ನು ಕೊಳ್ಳದಂತೆ ಅವು ಎಚ್ಚರಿಸುತ್ತವೆ. ಸ್ಟೀಮ್‌ನಲ್ಲಿ ಅಭಿಪ್ರಾಯದ ಪಕ್ಕದಲ್ಲಿಯೇ ಹೇಳಿದವನು ಎಷ್ಟು ಗಂಟೆ ಆಡಿದ್ದಾನೆಂಬುದನ್ನೂ ತೋರಿಸುತ್ತಾರೆ. ಉಂಡವನ ಮಾತಿಗೂ ಎಲೆ ನೋಡಿದವನ ಮಾತಿಗೂ ಇರುವ ಭೇದ ಅದರಿಂದ ತಿಳಿಯುವುದು. ಆದರೆ ಅಂಕವು ಹೇಳುವುದು ಎಷ್ಟು ಜನ ಮೆಚ್ಚಿದರೆಂದು. ನಾನು ಮೆಚ್ಚುವೆನೋ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಊಟ ತನ್ನಿಚ್ಛೆ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದನು. ಶಿಫಾರಸಿಗೂ ಜೀವ ಅದೇ. ಯಾವುದನ್ನು, ಯಾರಿಗೆ, ಎಷ್ಟು ಹೇಳಬೇಕು ಎಂಬ ಮೂರನ್ನು ಬಲ್ಲವನೇ ಒಳ್ಳೆಯ ಶಿಫಾರಸುಗಾರನು. ನಾಲ್ಕು ಆಟಗಳಿಂದ ಇದನ್ನು ವಿಶದಪಡಿಸುವೆನು.

ಕೆಲವು ಆಟಗಳಿಗೆ ಮಾತೇ ಬೇಡ. 1984ರಲ್ಲಿ ಮಾಸ್ಕೋ ನಗರದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣನಕೇಂದ್ರದಲ್ಲಿ ಅಲೆಕ್ಸೇ ಪಾಜಿತ್ನೋವ್ ಎಂಬವರು 'ಟೆಟ್ರಿಸ್' ಆಟವನ್ನು ರಚಿಸಿದರು. ನಾಲ್ಕು ನಾಲ್ಕು ಚೌಕಗಳಿಂದಾದ ಏಳು ಆಕಾರಗಳು ಮೇಲಿನಿಂದ ಬೀಳುತ್ತವೆ. ಅವನ್ನು ತಿರುಗಿಸಿ ಸಾಲು ತುಂಬಬೇಕು. ತುಂಬಿದ ಸಾಲು ಮಾಯವಾಗುವುದು. ಇಷ್ಟೇ ಆಟ. ಅದನ್ನು ಪ್ರಚಾರ ಮಾಡಲು ಆಗ ಅಲ್ಲಿ ಅಂಗಡಿಯೂ ಇರಲಿಲ್ಲ, ಜಾಹೀರಾತೂ ಇರಲಿಲ್ಲ. ಫ್ಲಾಪಿ ತಟ್ಟೆಗಳ ಮೇಲೆ ಪ್ರತಿ ಮಾಡಿಕೊಂಡು ಒಬ್ಬನು ಇನ್ನೊಬ್ಬನಿಗೆ ಕೊಟ್ಟನು. ಹೀಗೆಯೇ ಅದು ಹಬ್ಬಿತು. ಅನಂತರ ಹೆಂಕ್ ರಾಜರ್ಸ್ ಎಂಬ ವ್ಯಾಪಾರಿಯು ನಿಂಟೆಂಡೋ ಸಂಸ್ಥೆಯ ಅಮೆರಿಕದ ಮುಖ್ಯಸ್ಥರಿಗೆ, ಹುಡುಗರು ಮಾತ್ರ ಕೊಂಡರೆ ಸಾಕೆಂದಿದ್ದರೆ ಗೇಮ್ ಬಾಯ್ ಯಂತ್ರದೊಡನೆ ಮಾರಿಯೋ ಆಟವನ್ನು ಕೊಡಿ, ಎಲ್ಲರೂ ಕೊಳ್ಳಬೇಕೆಂದಿದ್ದರೆ ಟೆಟ್ರಿಸ್ ಕೊಡಿ ಎಂಬರ್ಥದ ಸಲಹೆಯಿತ್ತುದಾಗಿ ತಾವೇ ಹೇಳಿದ್ದಾರೆ. 1989ರಲ್ಲಿ ಆ ಯಂತ್ರವು ಅಮೆರಿಕದಲ್ಲಿ ಟೆಟ್ರಿಸ್‌ನೊಡನೆಯೇ ಮಾರಾಟಕ್ಕೆ ಬಂದಿತು. ಆಟವನ್ನು ಬಲ್ಲವನ ಒಂದು ವಾಕ್ಯ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಇದು ನಿದರ್ಶನ. ಆದರೆ ಎಲ್ಲರಿಗೂ ಒಪ್ಪುವ ಆಟಗಳು ವಿರಳ.

'ಸ್ಟಾರ್‌ಡ್ಯೂ ವ್ಯಾಲಿ'ಯ ಕಥೆ ಬೇರೆ. ಎರಿಕ್ ಬರೋನ್ ಎಂಬ ಅಮೆರಿಕದ ತರುಣರು ನಾಲ್ಕು ವರ್ಷಕ್ಕೂ ಮೇಲ್ಪಟ್ಟು ಒಬ್ಬರೇ ದುಡಿದು, ಚಿತ್ರ, ಸಂಗೀತ, ಕಥೆ ಎಲ್ಲವನ್ನೂ ತಾವೇ ಮಾಡಿ 2016ರಲ್ಲಿ ಇದನ್ನು ಪ್ರಕಟಿಸಿದರು. ಕಂಪೆನಿಯ ಕೆಲಸದಿಂದ ಬೇಸತ್ತ ಒಬ್ಬ ಯುವಕನೋ ಯುವತಿಯೋ ಅಜ್ಜನು ಬಿಟ್ಟುಹೋದ ಹೊಲಕ್ಕೆ ಬಂದು ಬೇಸಾಯ ಮಾಡುವುದು ಇದರ ವಸ್ತು. ಆಟದಲ್ಲಿ ಒಂದು ಋತುವಿಗೆ 28 ದಿನಗಳು. ಒಂದು ದಿನವು ನಮ್ಮ ಹದಿನಾಲ್ಕು ನಿಮಿಷಗಳಷ್ಟು. 'ಇನ್ನೊಂದು ದಿನ ಮಾತ್ರ' ಎನ್ನುತ್ತ ಮಧ್ಯರಾತ್ರಿ ಕಳೆದವರು ಎಷ್ಟೋ ಮಂದಿ. ಇದು ರಮ್ಯವಾದ ಕೃತಿಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಇದನ್ನು ಕಂಡಕಂಡವರಿಗೆಲ್ಲ ಹೇಳಕೂಡದು. ಇದರ ಹೊಲದಲ್ಲಿ ಮಳೆ ಕೈಕೊಡುವುದಿಲ್ಲ. ಬಾವಿ ಬತ್ತುವುದಿಲ್ಲ. ಪೆಟ್ಟಿಗೆಯಲ್ಲಿ ಹಾಕಿದ ಬೆಳೆಗೆ ರಾತ್ರಿ ಬೆಳಗಾಗುವುದರೊಳಗೆ ನಿಗದಿಯಾದ ಬೆಲೆ ಬಂದು ಬೀಳುವುದು, ದಲ್ಲಾಳಿಯಿಲ್ಲ, ಸಾಲಗಾರನಿಲ್ಲ. ಬಯಲುಸೀಮೆಯಲ್ಲಿ ಎರಡೆಕರೆ ಜೋಳ ಬಿತ್ತಿ ಮುಗಿಲು ನೋಡುತ್ತ ಕುಳಿತವನ ಮುಂದೆ ಇದನ್ನು ಹೊಗಳಿದರೆ ಅವನು ನಕ್ಕಾನು; ಆ ನಗೆ ನ್ಯಾಯವಾದದ್ದೇ. ಬೆಂಗಳೂರಿನ ಬಾಡಿಗೆಯ ಕೋಣೆಯಲ್ಲಿ ಒಬ್ಬನೇ ಇರುವ ಅವನ ಮಗನಿಗೆ ಇದೇ ಆಟವನ್ನು ಕೊಟ್ಟರೆ ಅವನ ಕಣ್ಣು ತೇವವಾದೀತು. ಕೃತಿ ಒಂದೇ, ಪಾತ್ರವರಿತು ಬಡಿಸುವುದರಲ್ಲಿ ಭೇದ.

ಮೂರನೆಯ ಆಟವು ನನಗೇ ಶಿಫಾರಸಾಗಿ ಬಂದದ್ದು. ನಾನು ಮೂವತ್ತು ವರ್ಷ ಕಚೇರಿಯಲ್ಲಿ ಕಡತಗಳ ನಡುವೆ ಕಳೆದು ನಿವೃತ್ತನಾದವನು. ವಿಡಿಯೋ ಆಟವೆಂದರೆ ಹೊತ್ತು ಕೊಲ್ಲುವ ಗದ್ದಲವೆಂದೇ ತಿಳಿದಿದ್ದೆನು. ನನ್ನ ತಂಗಿಯ ಮಗಳು ಒಂದು ದಿನ ಹೇಳಿದಳು: "ಮಾವ, ಆಟಗಳೆಂದರೆ ನಿಮಗೆ ಆಗದು, ಗೊತ್ತು. ಆದರೂ ಇದೊಂದನ್ನು ನಿಮಗೇ ಎಂದು ತೆಗೆದಿಟ್ಟಿದ್ದೇನೆ. ಇದರಲ್ಲಿ ಓಡುವುದು ಹಾರುವುದು ಇಲ್ಲ. ಮೇಜಿನ ಮುಂದೆ ಕುಳಿತು ಕಾಗದ ನೋಡುವುದು. ಎರಡು ದಿನ ಆಡಿ, ಬೇಸರವಾದರೆ ಬಿಟ್ಟುಬಿಡಿ. ಮುಗಿದ ಮೇಲೆ ಮಾತ್ರ ನನಗೊಂದು ಮಾತು ಹೇಳಿ."

ಅದು 'ಪೇಪರ್ಸ್, ಪ್ಲೀಸ್'. ಲೂಕಸ್ ಪೋಪ್ ಎಂಬವರು 2013ರಲ್ಲಿ ಹೊರತಂದದ್ದು. ಆರ್‌ಸ್ಟಾಟ್ಸ್ಕಾ ಎಂಬ ಕಲ್ಪಿತ ರಾಜ್ಯದ ಗಡಿಯಲ್ಲಿ, 1982ರ ಚಳಿಗಾಲದಲ್ಲಿ, ಆಡುವವನೇ ತಪಾಸಣೆಯ ಗುಮಾಸ್ತನು. ಒಬ್ಬೊಬ್ಬರಾಗಿ ಬರುವವರ ರಹದಾರಿಯನ್ನು ನೋಡಿ ಮುದ್ರೆಯೊತ್ತಬೇಕು. ಎಷ್ಟು ಜನರನ್ನು ಸರಿಯಾಗಿ ನೋಡಿದರೆ ಅಷ್ಟು ಕೂಲಿ. ಮನೆಯಲ್ಲಿ ಬಾಡಿಗೆ, ಅನ್ನ, ಸೌದೆ, ಔಷಧಿ. ದಿನದ ಮೊದಲ ಎರಡು ತಪ್ಪಿಗೆ ಎಚ್ಚರಿಕೆ, ಮೂರನೆಯದರಿಂದ ದಂಡ. ಒಂದು ದಿನ ಒಬ್ಬ ಗಂಡನು ಬಂದನು. ಅವನ ಕಾಗದಗಳೆಲ್ಲ ಸರಿಯಾಗಿದ್ದವು. ಹಿಂದೆಯೇ ಬಂದ ಹೆಂಡತಿಯಲ್ಲಿ ಪ್ರವೇಶಪತ್ರವಿರಲಿಲ್ಲ. ಬೇಡಿಕೊಂಡಳು. ನಾನು ನಿಯಮದಂತೆ ಕೆಂಪು ಮುದ್ರೆಯೊತ್ತಿ ಹಿಂದಕ್ಕೆ ಕಳುಹಿಸಿದೆನು. ಆಮೇಲೆ ಲೆಕ್ಕ ಹಾಕಿದರೆ ಆ ದಿನ ನನ್ನ ಪಾಲಿನ ಎಚ್ಚರಿಕೆ ಇನ್ನೂ ಒಂದು ಉಳಿದಿತ್ತು; ಅವಳನ್ನು ಬಿಟ್ಟಿದ್ದರೆ ನನಗೆ ದಂಡವೇನೂ ಬೀಳುತ್ತಿರಲಿಲ್ಲ. ಆ ರಾತ್ರಿ ನನಗೆ ನೆನಪಾದದ್ದು ಆಟದ ಹೆಂಗಸಲ್ಲ. ಬಹಳ ವರ್ಷಗಳ ಹಿಂದೆ, ಒಂದು ಸಹಿ ಸಾಲದ ಅರ್ಜಿಯನ್ನು ಹಿಡಿದು ನನ್ನ ಮೇಜಿನ ಮುಂದೆ ಮೂರು ಸಲ ಬಂದು ನಿಂತಿದ್ದ ಒಬ್ಬ ಮುದುಕಿ.

ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹುಡುಗಿ ಬಂದು ಕೇಳಿದಾಗ "ಆ ಹೆಂಗಸನ್ನು ನಾನು ಕಳುಹಿಸಿಬಿಟ್ಟೆ" ಎಂದಷ್ಟೇ ಹೇಳಿದೆನು. "ಮೊದಲ ಸಲ ನಾನೂ ಹಾಗೆಯೇ ಮಾಡಿದೆ, ಮಾವ" ಎಂದಳು. ಅನಂತರ ಮುದುಕಿಯ ವಿಷಯವನ್ನೂ ಹೇಳಿದೆನು.

ಈ ಶಿಫಾರಸಿನ ಅಂಗಾಂಗಗಳನ್ನು ವಾಚಕರು ನೋಡಬೇಕು. ಕೇಳುವವನ ಅರುಚಿಯನ್ನು ಆಕೆ ಮೊದಲೇ ಒಪ್ಪಿಕೊಂಡಳು. ಆಟದಲ್ಲಿ ಕೈ ಏನು ಮಾಡುವುದೆಂದು ಹೇಳಿದಳು. ಮನಸ್ಸಿಗೆ ಏನಾಗುವುದೆಂದು ಹೇಳಲಿಲ್ಲ. ಬಿಟ್ಟುಬಿಡಲು ಬಾಗಿಲನ್ನು ತೆರೆದಿಟ್ಟಳು. ಕೊನೆಯಲ್ಲಿ ಮಾತಿಗೆ ಜಾಗವಿಟ್ಟಳು. ಗಂಡಹೆಂಡಿರ ಪ್ರಸಂಗವನ್ನು ಆಕೆ ಮುಚ್ಚಿಟ್ಟಿದ್ದರಿಂದಲೇ ಅದು ನನ್ನನ್ನು ತಟ್ಟಿತು. ನಾನು ಅದನ್ನು ಇಲ್ಲಿ ಬಯಲುಮಾಡಿದ್ದು ವಿಮರ್ಶೆಯ ಅಗತ್ಯಕ್ಕಾಗಿ. ಇದು ಶಿಫಾರಸಾಗಿದ್ದರೆ ಹೇಳುವುದು ತಪ್ಪಾಗುತ್ತಿತ್ತು. ವಿಮರ್ಶೆಗೂ ಶಿಫಾರಸಿಗೂ ಇರುವ ಗಡಿ ಇಲ್ಲಿಯೇ ಇದೆ: ವಿಮರ್ಶೆಯು ಕೃತಿಯನ್ನು ಬಿಡಿಸಿ ತೋರಿಸುವುದು, ಶಿಫಾರಸು ಕಟ್ಟಿದ ಗಂಟನ್ನು ಹಾಗೆಯೇ ಕೈಗೆ ಕೊಡುವುದು.

ಈ ಗಡಿಯನ್ನು ನಾನು ಕಲಿತದ್ದು ತಪ್ಪಿ ನಡೆದು. 'ಔಟರ್ ವೈಲ್ಡ್ಸ್' ಎಂಬ ಆಟವು ಅಲೆಕ್ಸ್ ಬೀಚಮ್ ಎಂಬ ವಿದ್ಯಾರ್ಥಿಯ ಸ್ನಾತಕೋತ್ತರ ಪ್ರಬಂಧವಾಗಿ ಆರಂಭವಾಗಿ 2019ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾಯಿತು. ಒಂದು ಸಣ್ಣ ಸೌರಮಂಡಲ, ಒಂದು ಮರದ ಹಲಗೆಗಳ ನೌಕೆ, ಅಳಿದುಹೋದ ಜನಾಂಗವೊಂದರ ಬರಹಗಳು. ಆಟಗಾರನಿಗೆ ಹೊಸ ಆಯುಧ ಸಿಕ್ಕುವುದಿಲ್ಲ, ಬಲ ಹೆಚ್ಚುವುದಿಲ್ಲ; ಹೆಚ್ಚುವುದು ಅರಿವೊಂದೇ. ಮೊದಲ ಗಳಿಗೆಯಲ್ಲಿ ಹೋಗಲಾಗದೆಂದು ತೋರಿದ ಕಡೆಗೆ ಕೊನೆಯಲ್ಲಿ ಹೋಗಬಲ್ಲವನಾದರೆ ಅದು ಅವನು ಏನೋ ಒಂದನ್ನು ತಿಳಿದುಕೊಂಡದ್ದರಿಂದ. ಆದ್ದರಿಂದಲೇ ಇದನ್ನು ಒಮ್ಮೆ ಮುಗಿಸಿದವನು ಮತ್ತೆ ಮೊದಲ ಸಲದಂತೆ ಆಡಲಾರನು. ಇದಕ್ಕಿಂತ ಹೆಚ್ಚು ಹೇಳೆನು.

ಆದರೆ ಅಂದು ಹೇಳಿದೆನು. ನೌಕೆಯನ್ನು ನಡೆಸಲು ಕಲಿಯುವುದಕ್ಕೇ ನನಗೆ ಒಂದು ವಾರ ಹಿಡಿದಿತ್ತು. ಕಲಿತ ಮೇಲೆ ಕಂಡದ್ದರ ಸಂಭ್ರಮ ತಡೆಯಲಾರದೆ, ನಕ್ಷತ್ರಗಳನ್ನು ಪ್ರೀತಿಸುವ ನನ್ನ ಹಳೆಯ ಮಿತ್ರರೊಬ್ಬರಿಗೆ, ಅವರು ವಿಜ್ಞಾನದ ಮೇಷ್ಟರಾಗಿದ್ದವರು, ಆಟವನ್ನು ಹೊಗಳುತ್ತ ಹೊಗಳುತ್ತ ಅದರ ಮುಖ್ಯವಾದ ಗುಟ್ಟೊಂದನ್ನು ಬಾಯಿಬಿಟ್ಟೆನು. ಅವರು ನನ್ನ ಮಾತಿಗೆ ಬೆಲೆ ಕೊಟ್ಟು ಆಡಿದರು. ತಿಂಗಳಾದ ಮೇಲೆ ಸಿಕ್ಕಾಗ, "ಚೆನ್ನಾಗಿದೆ ರಾಯರೆ, ನೀವು ಹೇಳಿದ ಹಾಗೆಯೇ ಇದೆ" ಎಂದರು. ಅವರು ಮೆಚ್ಚಿ ಹೇಳಿದ ಮಾತು; ನನಗೆ ಮಾತ್ರ ಬೈಗುಳದಂತೆ ಕೇಳಿಸಿತು. ಜಗತ್ತಿನಲ್ಲಿ ಅವರಿಗೆ ಒಂದೇ ಸಲ ದೊರೆಯಬಹುದಾಗಿದ್ದ ವಿಸ್ಮಯವನ್ನು ನಾನು ಚಹದ ಬಟ್ಟಲಿನ ಪಕ್ಕದಲ್ಲಿ ಖರ್ಚುಮಾಡಿಬಿಟ್ಟಿದ್ದೆನು. ಹೊಗಳುವಾಗ ನನಗೆ ಬೇಕಾಗಿದ್ದದ್ದು ನನ್ನ ಆನಂದವನ್ನು ಇನ್ನೊಮ್ಮೆ ಅನುಭವಿಸುವುದು. ಮಿತ್ರರ ಆನಂದದ ಯೋಚನೆ ಅಲ್ಲಿರಲಿಲ್ಲ.

ಹೀಗೆ ನೋಡಿದರೆ ಆಟದ ಶಿಫಾರಸಿಗೆ ಬೇಕಾದದ್ದು ಪಾಂಡಿತ್ಯಕ್ಕಿಂತ ಹೆಚ್ಚಾಗಿ ಒಂದು ಬಗೆಯ ಸಂಯಮ. ಆಟವನ್ನು ಬಲ್ಲವರು ಇಂದು ಬೇಕಾದಷ್ಟಿದ್ದಾರೆ. ಕೇಳುವವನನ್ನೂ ಬಲ್ಲವರು ಕಡಮೆ. ಅಂಕಪಟ್ಟಿಗೆ ಮುದುಕಿಯ ಸಂಗತಿ ತಿಳಿಯುವ ಮಾರ್ಗವಿಲ್ಲ. ನನ್ನ ಸೊಸೆಗೂ ಅದು ತಿಳಿದಿರಲಿಲ್ಲ. ಆದರೆ ಮೂವತ್ತು ವರ್ಷ ಕಾಗದ ನೋಡಿದ ಮಾವನೊಬ್ಬನಿದ್ದಾನೆಂಬುದನ್ನು ಆಕೆ ಮರೆತಿರಲಿಲ್ಲ.

ಕಡೆಯದಾಗಿ ಗೃಹಸ್ಥರಾದ ವಾಚಕರಲ್ಲಿ ಒಂದು ವಿಜ್ಞಾಪನೆ. 'ಏನು ಆಡುತ್ತಿದ್ದೀಯೆ?' ಎಂಬ ಪ್ರಶ್ನೆಯನ್ನು ನಾವು ಮಕ್ಕಳಿಗೆ ಸಾಮಾನ್ಯವಾಗಿ ಗದರಿಕೆಯ ದನಿಯಲ್ಲಿ ಕೇಳುತ್ತೇವೆ. ಉತ್ತರವೂ ಆ ದನಿಗೆ ತಕ್ಕಂತೆ ಬರುವುದು. ಒಮ್ಮೆ ಅದನ್ನೇ ಸ್ವಲ್ಪ ತಿರುಗಿಸಿ, 'ನೀನು ಆಡಿದವುಗಳಲ್ಲಿ ನನಗೆ ಯಾವುದು ಹಿಡಿಸೀತು?' ಎಂದು ಕೇಳಿ ನೋಡಬೇಕು. ಉತ್ತರ ಕೊಡುವ ಮೊದಲು ಹುಡುಗನು ಒಂದು ಕ್ಷಣ ಸುಮ್ಮನಾಗುವನು. ಆ ಕ್ಷಣದಲ್ಲಿ ಅವನು ನಮ್ಮನ್ನು ಕುರಿತು ಯೋಚಿಸುತ್ತಿರುವನು.